ಮನೆ ಬಿಡುವ ಹಾಡು

ತಾಲೀಮಿನಲ್ಲಿ ಕೊನೆಯ ಹಾಡಿನ ನಡುವೆ ನಾಯಕಿಯ ಪಾತ್ರದ ಹುಡುಗಿ ಥಟ್ಟನೆ ನಿಂತು, "ಮೇಡಂ, ನಂಗೆ ಈ ನಾಟಕ ಮಾಡಕ್ಕಾಗಲ್ಲ," ಎಂದುಬಿಟ್ಟಳು.

ಕೆಳಗಿನ ಪ್ರೆಸ್ಸಿನಲ್ಲಿ ಯಂತ್ರ ಓಡುತ್ತಿತ್ತು. ಅದರ ಸದ್ದಿಗೆ ಮಹಡಿಯ ಆ ಬಾಡಿಗೆ ಕೋಣೆಯ ಕಿಟಕಿಗಳೂ ನಡುಗುವುದರಿಂದ, ನಾಟಕ ಬರೆದು ಆಡಿಸುವ ಅಕ್ಕನಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ. ಕೀಬೋರ್ಡಿನ ಮುಂದೆ ಕೂತಿದ್ದ ತಂಗಿಗೆ ಕೇಳಿಸಿತು. ಅವಳು ನುಡಿಸುವುದನ್ನು ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡಳು.

ಹುಡುಗಿ ದನಿ ಏರಿಸಿದಳು. "ಬೇರೆ ಊರಲ್ಲಿ ಸಂಗೀತ ಶಾಲೇಲಿ ಸೀಟು ಸಿಕ್ಕಿದೆ. ಸೋಮವಾರ ಸೇರ್ಕೋಬೇಕು. ತಡ ಮಾಡಿದ್ರೆ ಬೇರೆಯವರಿಗೆ ಕೊಡ್ತಾರಂತೆ."

ಅಕ್ಕ ವೇಷದ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಆ ಸೋಮವಾರ ಕಳೆದು ಬರುವ ಶನಿವಾರ ಪ್ರದರ್ಶನ. ಹದಿನಾರರ ಹುಡುಗಿಯೊಬ್ಬಳು ಹಾಡು ಕಲಿಯಲೆಂದು ಮನೆ ಬಿಟ್ಟು ಹೊರಡುವ ಕಥೆ. ಬೆರಳೆಣಿಕೆಯ ಜನ, ಪ್ಲೈವುಡ್ಡಿನ ಒಂದು ಬಾಗಿಲು, ಒಂದು ಕೀಬೋರ್ಡು, ಅಷ್ಟೇ ನಾಟಕ. ಮೊದಲು ಒಂದು ಶಾಲೆಯಲ್ಲಿ ಆಡಿದಾಗ ಜನ ಕಿಟಕಿ ಕಟ್ಟೆಯ ಮೇಲೂ ಕೂತು ನೋಡಿದ್ದರು. ಆಮೇಲೆ ದೊಡ್ಡ ರಂಗಮಂದಿರದವರು ಕರೆದರು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಅಕ್ಕ ಒಪ್ಪಿದಳು. ಕುಣಿಯುವವರು ಬಂದರು, ತಿರುಗುವ ವೇದಿಕೆ ಬಂತು, ಊದುವ ವಾದ್ಯಗಳು ಬಂದವು. ಆ ಗದ್ದಲದಲ್ಲಿ ತಂಗಿ ಕಟ್ಟಿದ ರಾಗಗಳು ಎಲ್ಲಿ ಮುಳುಗಿದವೋ! ವಾರ ತುಂಬುವ ಮೊದಲೇ ಆಟ ನಿಂತಿತು. ಪ್ಲೈವುಡ್ಡಿನ ಬಾಗಿಲನ್ನು ಹೊತ್ತುಕೊಂಡು ಮತ್ತೆ ಸಣ್ಣ ಸಣ್ಣ ಸಭಾಂಗಣಗಳಿಗೇ ಬಂದರು. ನಾಯಕಿಯರು ಬದಲಾಗುತ್ತಲೇ ಹೋದರು. ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬಳು ಧಾರಾವಾಹಿ ಸೇರಿದಳು, ಮತ್ತೊಬ್ಬಳು ಹೇಳದೆ ಕೇಳದೆ ಬರುವುದನ್ನೇ ನಿಲ್ಲಿಸಿಬಿಟ್ಟಳು. ಬಂದವರಿಗೆಲ್ಲ ಹಾಡು ಕಲಿಸಿದವಳು ಮಾತ್ರ ತಂಗಿ.

"ನೋಡಮ್ಮಾ," ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. "ಎಷ್ಟೋ ದಿನದ ಮೇಲೆ ಯಾರೋ ಕರೆದಿದಾರೆ. ಇದೊಂದು ಪ್ರದರ್ಶನ ಆಗ್ಲಿ, ಆಮೇಲೆ ಹೋಗು. ನಿನ್ನನ್ನ ಯಾರು ಹಿಡ್ಕೊಂಡಿರ್ತಾರೆ?"

ಈ ಮಾತನ್ನು ತಂಗಿ ಹಿಂದೆಯೂ ಕೇಳಿದ್ದಳು, ಈ ಹುಡುಗಿಯ ವಯಸ್ಸಿನಲ್ಲಿ. ಅವಳಿಗೂ ಅಂಥದೇ ಒಂದು ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಅಕ್ಕ. ತಂಗಿಯ ಹೊರಡುವ ಆಸೆಯನ್ನೇ ನಾಟಕ ಮಾಡಿ ಬರೆದು, 'ರಾಗ ಹಾಕಿಕೊಡು, ಒಂದು ಪ್ರದರ್ಶನ ಆಗ್ಲಿ, ಆಮೇಲೆ ಹೋಗು' ಎಂದಿದ್ದಳು. ಒಂದು ಆಯಿತು, ಮತ್ತೊಂದು ಬಂತು. ದೊಡ್ಡ ರಂಗಮಂದಿರದಲ್ಲಿ ಸೋತು ಕೂತ ಅಕ್ಕನನ್ನು ಬಿಟ್ಟು ಹೋಗುವುದಾದರೂ ಹೇಗೆ? ಜಗಳವೇನೂ ಆಗಲಿಲ್ಲ. ಹೊರಡುವ ಮಾತು ಯಾವತ್ತು ನಿಂತಿತೆಂದು ಇಬ್ಬರಿಗೂ ನೆನಪಿಲ್ಲ. ಈಗ ತಂಗಿಯ ತಲೆ ಅರ್ಧ ನರೆತಿತ್ತು.

"ಹೋಗಮ್ಮಾ," ಎಂದಳು ತಂಗಿ. "ಸೋಮವಾರದ ತನಕ ಯಾಕೆ, ನಾಳೇನೇ ಹೊರಡು."

ಅಕ್ಕ ತಿರುಗಿದಳು. "ತಲೆ ಕೆಟ್ಟಿದ್ಯಾ ನಿಂಗೆ? ಪಾತ್ರ ಯಾರು ಮಾಡ್ತಾರೆ?"

"ನಾನು."

"ಹದಿನಾರು ವರ್ಷದವಳ ಪಾತ್ರ ಕಣೇ ಅದು! ಕನ್ನಡಿ ನೋಡ್ಕೊಂಡಿದೀಯಾ?"

"ದಿನಾ ನೋಡ್ಕೋತೀನಿ. ಬಣ್ಣ ಸ್ವಲ್ಪ ಜಾಸ್ತಿ ಹಚ್ಚಿದ್ರಾಯ್ತು. ಕೀಬೋರ್ಡ್ ನೀನು ನುಡಿಸು. ಅಮ್ಮ ಇಬ್ಬರನ್ನೂ ಕೂರಿಸ್ಕೊಂಡೇ ಕಲಿಸಿದ್ಲಲ್ಲ."

ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಮೊದಲು ನಿಧಾನವಾಗಿತ್ತು, ಆಮೇಲೆ ಓಟವಾಯಿತು.

ಅಕ್ಕ ಕೇಳಿದಳು, "ಮನಸ್ಸಲ್ಲಿ ಇಷ್ಟೆಲ್ಲಾ ಇಟ್ಕೊಂಡು, ನಂಗ್ಯಾಕೆ ಹೇಳ್ಲಿಲ್ಲ?"

"ಇನ್ನೇನು ಹೇಳ್ಲಿ? ಬಂದ ಹುಡುಗೀರ ಬಾಯಲ್ಲೆಲ್ಲಾ ಹೇಳಿಸ್ತಾನೇ ಇದ್ನಲ್ಲ."

ಶನಿವಾರ ಸಂಜೆ ಎರಡು ಜಡೆ ಹೆಣೆದುಕೊಂಡು ತಂಗಿ ವೇದಿಕೆಗೆ ಬಂದಾಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಿಂದಿನ ಸಾಲಿನವರೆಗೂ ಹರಿಯಿತು. ಅಕ್ಕನ ಬೆರಳು ಕೀಬೋರ್ಡಿನ ತಪ್ಪು ಮನೆಯ ಮೇಲೆ ಬಿತ್ತು. ತಂಗಿ ನಿಲ್ಲಲಿಲ್ಲ. ಮೇಲಿನ ಸ್ವರಕ್ಕೆ ದನಿ ಏರದಾಗ ರಾಗವನ್ನೇ ಇಳಿಸಿಕೊಂಡಳು; ಅದೂ ಆಗದಾಗ ಸಾಲನ್ನು ಸುಮ್ಮನೆ ಮಾತಿನಂತೆ ಹೇಳಿದಳು. ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆಂದು ಕಾದು ಕಾದು ಅಕ್ಕ ನುಡಿಸಿದಳು. ಕೊನೆಯ ಹಾಡಿನ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ತಂಗಿ ಬಾಗಿಲು ತೆರೆದು ಹೊರಟುಹೋದಳು.

ಚಪ್ಪಾಳೆ ಬಿತ್ತು. ಉಳಿದವರೆಲ್ಲ ಸಾಲಾಗಿ ಬಂದು ಕೈ ಮುಗಿದರು, ಅವಳು ಬರಲಿಲ್ಲ. ಅಕ್ಕ ಕೀಬೋರ್ಡು ಬಿಟ್ಟು ಪರದೆಯ ಹಿಂದಕ್ಕೆ ಓಡಿದಳು. ಅಲ್ಲಿಯೂ ಇಲ್ಲ. ಹಿಂಬಾಗಿಲು ಹಾರುಹೊಡೆದಿತ್ತು.

ಹೊರಗಿನ ಮೆಟ್ಟಿಲ ಮೇಲೆ ತಂಗಿ ಕೂತಿದ್ದಳು. ಒಂದು ಜಡೆ ಬಿಚ್ಚಿಹೋಗಿತ್ತು. ಎದುರಿನ ನಿಲ್ದಾಣದಿಂದ ಬಸ್ಸೊಂದು ಆಗಷ್ಟೇ ಹೊರಟಿತ್ತು.

"ಎಲ್ಲಿಗೆ ಬಂದ್ಬಿಟ್ಟೆ? ಒಳಗೆ ಜನ ಎದ್ದು ನಿಂತಿದಾರೆ ಕಣೇ!"

ತಂಗಿ ಬಸ್ಸು ಮರೆಯಾಗುವವರೆಗೂ ನೋಡಿದಳು. ಆಮೇಲೆ ಬಗ್ಗಿ, ಬಾತುಕೊಂಡಿದ್ದ ಕಾಲನ್ನು ಒತ್ತಿಕೊಳ್ಳತೊಡಗಿದಳು.

"ಇಲ್ಲೀವರೆಗೆ ಬಂದೆ ಅಕ್ಕಾ," ಎಂದಳು. "ಇಷ್ಟಕ್ಕೇ ಕಾಲು ನೋಯ್ತಿದೆ."