ಟಿಕಳಿ ಅಂಟಿಸಿದ ಕ್ಯಾಸೆಟ್

ಮನೆಗೆ ಬಣ್ಣ ಹೊಡೆಸುವ ಯೋಚನೆಯಲ್ಲಿದ್ದೀರಾ? ಅಟ್ಟಕ್ಕೆ ಕೈ ಹಾಕುವ ಮೊದಲು ಇದನ್ನೊಮ್ಮೆ ಓದಿಬಿಡಿ...

ಹುಬ್ಬಳ್ಳಿಯ ಫಕೀರಪ್ಪನವರದು ಹಾರ್ಡ್‌ವೇರ್ ಅಂಗಡಿ. ಮಗಳು ಸುವರ್ಣಾ ಹೆರಿಗೆಗೆ ತವರಿಗೆ ಬಂದಿದ್ದಳು. ಭಾನುವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡಬೇಕು.

ಅದಕ್ಕೇ ಮನೆಗೆ ಹೊಸ ಬಣ್ಣ. ಬಣ್ಣದ ನೆವದಲ್ಲಿ ಅಟ್ಟವೂ ಖಾಲಿ.

ಅಟ್ಟದಲ್ಲಿ ಎರಡು ಬಾಕ್ಸ್ ತುಂಬ ಹಳೆಯ ಕ್ಯಾಸೆಟ್‌ಗಳಿದ್ದವು. ಫಕೀರಪ್ಪ ಸುಮ್ಮನೆ ಎಸೆಯುವವರಲ್ಲ... ಒಂದು ವಾರ ಕೂತು, ಪ್ರತಿ ಕವರ್ ಮೇಲಿನ ಹೆಸರು ಓದಿ ಫೋನಿನಲ್ಲಿ ಹುಡುಕಿದರು. ಎಲ್ಲವೂ ಸಿಕ್ಕವು.

ಶುಕ್ರವಾರ ಎರಡೂ ಬಾಕ್ಸ್ ಒಯ್ದು ರೇಡಿಯೊ ರಿಪೇರಿಯ ಮೌಲಾಸಾಬರಿಗೆ ಕೊಟ್ಟು ಬಂದರು.

ಶನಿವಾರ ಮಧ್ಯಾಹ್ನ ಹೆಂಡತಿ ಗುರುಬಸವ್ವ ಖಾಲಿ ಅಟ್ಟದ ಕೆಳಗೆ ನಿಂತು ಮೇಲೆಯೇ ನೋಡುತ್ತಿದ್ದರು.

ಅವರು ಏನೂ ಕೇಳಲಿಲ್ಲ. ಕೇಳುವಂತಿರಲಿಲ್ಲ... ಗಂಟಲಿನ ಆಪರೇಶನ್ ಆಗಿ ಎಂಟು ತಿಂಗಳು. ಜೀವ ಉಳಿಯಿತು, ಧ್ವನಿ ಉಳಿಯಲಿಲ್ಲ. ಈಗ ಅವರ ಮಾತೆಲ್ಲ ಒಂದು ಸ್ಲೇಟಿನ ಮೇಲೆ.

ಸ್ಲೇಟಿನಲ್ಲಿ ಬರೆದರು: ‘ಹಸಿರು ಕವರಿನ ಭಕ್ತಿಗೀತೆ ಎಲ್ಲಿ?’

"ಅದೂ ಇದರಾಗ ಐತಲ್ಲ, ತಡಿ..." ಫಕೀರಪ್ಪ ಫೋನ್ ಒತ್ತಿದರು. ಹಾಡು ಸ್ವಚ್ಛವಾಗಿ ಕೇಳಿಸಿತು. "ನೋಡು, ಗರಗರ ಇಲ್ಲ, ಏನಿಲ್ಲ."

ಗುರುಬಸವ್ವ ತಲೆ ಅಲ್ಲಾಡಿಸಿದರು. ಮತ್ತೆ ಬರೆದರು: ‘ಅದರೊಳಗ ನಾ ಹಾಡೇನಿ. ಸುವರ್ಣಾನ ಜೋಗುಳ.’

ಫಕೀರಪ್ಪ ಹಾಡು ನಿಲ್ಲಿಸಿದರು.

ಸುವರ್ಣಾ ಹುಟ್ಟಿದಾಗ ಅವರು ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದರು. ಬಾಣಂತಿ ಹೆಂಡತಿ ತವರಿನ ಟೇಪ್ ರೆಕಾರ್ಡರಿನಲ್ಲಿ ಜೋಗುಳ ಹಾಡಿ, ಕಾಗದ ಕಳಿಸಿದ ಹಾಗೆ ಕ್ಯಾಸೆಟ್ ಕಳಿಸಬೇಕು ಅಂದುಕೊಂಡಿದ್ದರು. ಖಾಲಿ ಕ್ಯಾಸೆಟ್ ಇರಲಿಲ್ಲ... ಅಂಗಡಿಯಿಂದ ತಂದ ಭಕ್ತಿಗೀತೆಯ ಮೇಲೆಯೇ ತುಂಬಿಸಿಬಿಟ್ಟರು. ಅಷ್ಟರಲ್ಲಿ ಗಂಡನೇ ಊರಿಗೆ ಬಂದರು. ಕ್ಯಾಸೆಟ್ ಅಟ್ಟ ಸೇರಿತು.

ಗಂಡ ಅದನ್ನು ಒಂದು ದಿನವೂ ಕೇಳಿರಲಿಲ್ಲ.

ತೊಟ್ಟಿಲ ಮುಂದೆ ಅಜ್ಜಿಯೇ ಮೊದಲು ಹಾಡುವುದು ಅವರ ಮನೆಯ ಪದ್ಧತಿ. ತಮ್ಮ ಬದಲು ಆ ಕ್ಯಾಸೆಟ್ ಹಾಕಬೇಕು ಅಂತ ಎಂಟು ತಿಂಗಳಿಂದ ಅಂದುಕೊಂಡಿದ್ದರು ಗುರುಬಸವ್ವ... ಯಾರಿಗೂ ಹೇಳಿರಲಿಲ್ಲ.

ಅವರು ಮತ್ತೇನೋ ಬರೆಯುತ್ತಿದ್ದರು. ಓದಲು ಫಕೀರಪ್ಪ ನಿಲ್ಲಲಿಲ್ಲ. ಸ್ಕೂಟರ್ ಆಗಲೇ ರಸ್ತೆಯಲ್ಲಿತ್ತು.

"ಮೌಲಾಸಾಬ, ನನ್ನ ಬಾಕ್ಸ್ ಎಲ್ಲಿ?"

"ಬೆಳಗ್ಗೆನ ಹೋದ್ವಲ್ರಿ ಧಣಿ. ವಿದ್ಯಾನಗರದಾಗ ಹೊಸಾ ಕಾಫಿ ಹೋಟೆಲ್ ಆಗೇತಿ. ಗ್ವಾಡಿಗೆ ಹಚ್ಚಾಕ ಬೇಕು ಅಂತ ಒಯ್ದ್ರು. ಏನ್ ಗುರುತು ಹೇಳ್ರಿ..."

"ಹಸಿರು ಕವರ್."

"ಹಸಿರು ಕವರಿನವು ರಗಡ ಇದ್ವಲ್ರಿ. ತಡೀರಿ, ನನ್ನ ಮಾತರೆ..."

ಆ ಮಾತನ್ನೂ ಕೇಳಲಿಲ್ಲ ಫಕೀರಪ್ಪ.

ಹೋಟೆಲಿಗೆ ನುಗ್ಗಿದವರೇ ಗೋಡೆಯ ಮುಂದೆ ಹೋಗಿ ನಿಂತರು. ಮೇಲಿನಿಂದ ಕೆಳಗೆ ಕ್ಯಾಸೆಟ್... ಕವರ್ ಒಂದಕ್ಕೂ ಇಲ್ಲ. ಎಲ್ಲಕ್ಕೂ ಕೆಂಪು, ಹಳದಿ ಬಣ್ಣ ಬಳಿದು ಗಮ್ ಹಾಕಿ ಅಂಟಿಸಿದ್ದರು.

ಹೋಟೆಲ್ ನಡೆಸುವ ಹುಡುಗಿಗೆ ಗಾಬರಿ. "ಅಂಕಲ್, ಯಾಕ್ರಿ ಹಂಗ ಬೆವರಾಕತ್ತೀರಿ? ಕೂಡ್ರಿ ಮೊದಲ, ನೀರು ಕುಡೀರಿ."

"ಕವರ್ ಎಲ್ಲಿ ಹಾಕೀರವ್ವ?"

"ಕಸದ ಗಾಡಿಗೆ ಹೋದ್ವಲ್ರಿ."

ಫಕೀರಪ್ಪ ಏಣಿ ಹತ್ತಿದರು. ಉಗುರಿನಿಂದ ಒಂದು ಕ್ಯಾಸೆಟ್ ಕಿತ್ತರು... ಒಳಗಿನ ಟೇಪ್ ತುಂಡಾಗಿ ಕೈಗೆ ಬಂತು. ಇದೇ ಆಗಿದ್ದರೆ? ಇನ್ನೊಂದು ಕೀಳಲು ಕೈ ಏಳಲಿಲ್ಲ.

ಅಷ್ಟು ವರ್ಷ ಬೆಳಗ್ಗೆ ಎದ್ದ ಕೂಡಲೇ ಕೇಳುತ್ತಿದ್ದ ಧ್ವನಿ ಹೇಗಿತ್ತು ಅಂತ ನೆನಪಿಸಿಕೊಳ್ಳಲು ನೋಡಿದರು. ಸರಿಯಾಗಿ ನೆನಪಾಗಲಿಲ್ಲ... ಆಗ ಅವರಿಗೆ ನಿಜವಾಗಿ ಹೆದರಿಕೆಯಾಯಿತು.

ಹೊರಗೆ ಆಟೊ ನಿಂತಿತು. ಮೌಲಾಸಾಬರು ಇಳಿದರು, ಹಿಂದೆಯೇ ಸ್ಲೇಟ್ ಹಿಡಿದ ಗುರುಬಸವ್ವ; ಗಂಡನನ್ನು ಹುಡುಕಿಕೊಂಡು ರಿಪೇರಿ ಅಂಗಡಿಗೆ ಹೋಗಿದ್ದರು. ಸ್ಲೇಟಿನಲ್ಲಿ ಗಂಡ ಓದದೆ ಬಿಟ್ಟ ಸಾಲು ಹಾಗೇ ಇತ್ತು: ‘ಮ್ಯಾಲೆ ಎರಡು ಟಿಕಳಿ ಹಚ್ಚೇನಿ.’

ಅಂಗಡಿಯ ಕ್ಯಾಸೆಟ್‌ನ ಮೇಲಂಚಿನಲ್ಲಿ ಎರಡು ತೂತುಗಳಿರುತ್ತವೆ. ಅವನ್ನು ಮುಚ್ಚದಿದ್ದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಬಾಣಂತಿ ಗುರುಬಸವ್ವ ತೂತಿಗೆ ಹತ್ತಿ ತುರುಕಿ, ಹಣೆಗೆ ಹಚ್ಚುವ ಟಿಕಳಿ ಅಂಟಿಸಿದ್ದರು.

ಮೌಲಾಸಾಬರು ಜೇಬಿನಿಂದ ಕ್ಯಾಸೆಟ್ ತೆಗೆದರು. ಮಾಸಿದ ಎರಡು ಕೆಂಪು ಟಿಕಳಿ...

"ತೂತು ಮುಚ್ಚಿದ್ದ ಕ್ಯಾಸೆಟ್ ನಾ ಯಾರಿಗೂ ಕೊಡೂದಿಲ್ರಿ ಧಣಿ. ಒಳಗ ಯಾರದೋ ಮನಿ ಮಂದಿ ಇರ್ತಾರ. ತೆಗೆದ ಇಟ್ಟಿದ್ದೆ. ಹೇಳಬೇಕಂದ್ರ ನೀವು ನಿಂತ್ರ ಹೌದಲ್ಲ?"

ಭಾನುವಾರ ತೊಟ್ಟಿಲ ಪಕ್ಕ ಮೌಲಾಸಾಬರ ಟೇಪ್ ರೆಕಾರ್ಡರ್ ಬಂತು. ಗುಂಡಿ ಒತ್ತಿದರು. ಗರ... ಗರ... ಬರೀ ಸದ್ದು.

ಆಮೇಲೆ ಧ್ವನಿ ಬಂತು.

ಸುವರ್ಣಾ ತಾಯಿಯ ಕೈ ಹಿಡಿದುಕೊಂಡಳು. ಜೋಗುಳ ನಡುವೆಯೇ ನಿಂತಿತು. ಟೇಪಿನೊಳಗಿನ ಬಾಣಂತಿ ಮಾತಾಡಿದಳು:

"ಏನ್ರಿ, ಕೇಳಾಕತ್ತೀರೇನು? ಅರ್ಧಾಕ ಎದ್ದು ಹೋಗಬ್ಯಾಡ್ರಿ ಮತ್ತ, ನಿಮ್ಮ ಚಾಳಿ ನನಗ ಗೊತ್ತೈತಿ. ನಿಮ್ಮ ಮಗಳು ಹಾಡು ನಿಲ್ಲಿಸಿದ್ರ ಅಳತಾಳ. ಲಗೂ ಬರ್ರಿ... ನಾ ಒಬ್ಬಾಕಿ ಎಷ್ಟಂತ ಹಾಡ್ಲಿ?"

ಫಕೀರಪ್ಪ ಮುಖ ಮುಚ್ಚಿಕೊಂಡು ಅತ್ತರು. ಹಾಡು ಮತ್ತೆ ಶುರುವಾದಾಗ ತೊಟ್ಟಿಲ ಹಗ್ಗ ಹಿಡಿದು, ಒಡೆದ ಗಂಟಲಿನಲ್ಲಿ ತಾವೂ ದನಿಗೂಡಿಸಿದರು.

ಗುರುಬಸವ್ವ ಕಣ್ಣೊರೆಸಿಕೊಂಡು ಸ್ಲೇಟ್ ಎತ್ತಿ ಹಿಡಿದರು: ‘ರಾಗ ತಪ್ಪೈತಿ. ಹಾಡ್ರಿ.’

ಆ ಸಂಜೆಯೇ ಮೌಲಾಸಾಬರು ಅದನ್ನು ಎಲ್ಲರ ಫೋನಿಗೂ ಹಾಕಿಕೊಟ್ಟರು. ಕ್ಯಾಸೆಟ್ ಮಾತ್ರ ಗುರುಬಸವ್ವನ ಟ್ರಂಕಿನಲ್ಲಿದೆ... ಹೊಸ ಟಿಕಳಿ ಹಚ್ಚಿಕೊಂಡು.

*

ಊರಿಗೆಲ್ಲ ಸಿಗುವ ಹಾಡು ಫೋನಿನಲ್ಲಿ ಸಿಗುತ್ತದೆ. ನಮ್ಮ ಮನೆಯವರ ದನಿ ನಾವು ಇಟ್ಟುಕೊಂಡಿದ್ದರೆ ಮಾತ್ರ ಸಿಗುತ್ತದೆ.

ನಿಮ್ಮ ಅಟ್ಟದ ಮೇಲೆ, ಯಾವುದೋ ಕವರಿನೊಳಗೆ... ನೀವು ಪೂರ್ತಿ ಕೇಳದೆ ಎದ್ದು ಬಂದ ದನಿ ಯಾರದು?