ಸಂಪಿಗೆಯ ಬೇರು

ಹೋದ ಬೇಸಿಗೆಯಲ್ಲಿ ಒಳಚರಂಡಿ ಕಟ್ಟಿಕೊಂಡಾಗ ನಂಜುಂಡಯ್ಯನವರು ಪಕ್ಕದ ಮನೆಯ ಪುಟ್ಟತಾಯಮ್ಮನ ಹೊಂಗೆಮರದ ಮೇಲೆ ತಪ್ಪು ಹೊರಿಸಿ, ಬೀದಿಗೆಲ್ಲ ಕೇಳುವಂತೆ ರೇಗಾಡಿ, ಅದನ್ನು ಕಡಿಸಿಯೇ ಬಿಟ್ಟಿದ್ದರು. ಈ ಬೇಸಿಗೆಯಲ್ಲಿ ಚರಂಡಿ ಮತ್ತೆ ಕಟ್ಟಿಕೊಂಡಿತು.

ಕೆಲಸದವನು ಚರಂಡಿ ಚೇಂಬರಿನ ಮುಚ್ಚಳ ತೆಗೆದು, ಕೊಕ್ಕೆ ಹಾಕಿ, ಜಡೆಯಷ್ಟು ಉದ್ದದ ಬೇರಿನ ಕಂತೆಯನ್ನು ಎಳೆದ.

“ಬಿಸಿಲಿಗೆ ನೀರು ಹುಡುಕ್ಕೊಂಡು ಪೈಪಿಗೆ ನುಗ್ಗೈತೆ ಸಾರ್. ನಿಮ್ಮ ಸಂಪಿಗೆದು.”

“ಹೊಂಗೆದಿರಬೇಕು, ಸರಿಯಾಗಿ ನೋಡಪ್ಪ.”

“ಅದನ್ನ ಕಡಿದು ವರ್ಷ ಆಯ್ತಲ್ಲ ಸಾರ್. ಇದು ಹಸಿ ಬೇರು.”

ನಂಜುಂಡಯ್ಯನವರು ದನಿ ತಗ್ಗಿಸಿದರು. “ಮೆಲ್ಲಗೆ ಮಾತಾಡೋ. ಆಯಮ್ಮನಿಗೆ ಕೇಳಿಸೀತು.”

“ಅವರಿಗೆ ಹೋದ ವರ್ಷವೇ ಗೊತ್ತು ಸಾರ್. ಆಗ ಬಂದಿದ್ದೂ ಇದೇ ಬೇರು, ನಾನೇ ತೋರ್ಸಿದ್ದೆ. ನಿಮಗೆ ಹೇಳಬೇಡ ಅಂದ್ರು.”

ನಂಜುಂಡಯ್ಯನವರು ತಿರುಗಿ ನೋಡಿದರು. ಕಾಂಪೌಂಡಿನಾಚೆ, ನೆರಳಿಲ್ಲದ ಅಂಗಳದಲ್ಲಿ, ಪುಟ್ಟತಾಯಮ್ಮ ತಲೆಗೆ ಸೆರಗು ಹೊದ್ದು ಕೆಲಸದವನಿಗೆ ಮಜ್ಜಿಗೆ ಹಿಡಿದು ನಿಂತಿದ್ದರು.

“ಯಾಕಮ್ಮ ಹೇಳಲಿಲ್ಲ?” ಎಂದರು, ನೆಲ ನೋಡುತ್ತ.

“ನಿಮ್ಮ ಮಗಳು ಕಣ್ಣು ಮುಚ್ಚೋಕೆ ಮುಂಚೆ ನೆಟ್ಟಿದ್ದಲ್ವಾ ಅಣ್ಣ ಆ ಸಂಪಿಗೆ? ಹೋದ್ರೆ ನಂದೇ ಹೋಗ್ಲಿ ಅಂದ್ಕೊಂಡೆ.”