ತಣ್ಣಗಿನ ಹಿಟ್ಟು

"ತಣ್ಣಗಿದೆ, ಚೀಲ ಕಟ್ಕೋ ತಾಯಿ," ಎಂದು ಗಿರಣಿಯವನು ಹೇಳಿದ ಕೂಡಲೇ ಕುಂಬಾರನ ಹೆಂಡತಿ ತನ್ನ ಜೋಳದ ಹಿಟ್ಟಿಗೆ ಕೈ ಹಾಕಿ ಕಿರುಚಿದಳು. "ಅಯ್ಯಯ್ಯೋ, ಕೆಂಡದ ಹಾಗೆ ಸುಡ್ತಿದೆಯಲ್ಲ ಮಾವ! ನಿಂದೇನು ಕೈಯೋ, ಕೊರಡೋ?" ಸಾಲಿನಲ್ಲಿದ್ದವರೆಲ್ಲ ನಕ್ಕರು.

ಒಳಗಿನಿಂದ ಓಡಿ ಬಂದ ಗಿರಣಿಯವನ ಹೆಂಡತಿ ನಗಲಿಲ್ಲ. ಗಂಡನ ಕೈ ಇನ್ನೂ ಹಿಟ್ಟು ಸುರಿಯುವ ಬಾಯಿಯ ಕೆಳಗೇ ಇತ್ತು. ಅಂಗೈಯಲ್ಲಿ ಬೊಬ್ಬೆ ಎದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಹಿಟ್ಟನ್ನು ಬೆರಳಲ್ಲಿ ಹೊಸಕಿ ತಲೆಯಾಡಿಸದೆ ಈ ಊರಿನಲ್ಲಿ ಯಾರೂ ಚೀಲ ಕಟ್ಟುವುದಿಲ್ಲ. ಆ ತಲೆಯಾಟದ ಮೇಲಿನ ನಂಬಿಕೆ ಹೋದರೆ ಜನ ಹೊಳೆಯಾಚೆಯ ಗಿರಣಿಗೆ ನಡೆಯುತ್ತಾರೆ. ಈಚೆಗೆ ಅವನು ಚಿಟಿಕೆ ಹಿಟ್ಟನ್ನು ಇವಳ ಅಂಗೈಗೆ ಹಾಕಿ, "ನೀನೇ ನೋಡಿ ಹೇಳೇ," ಎನ್ನುತ್ತಿದ್ದ. ಇಷ್ಟು ವರ್ಷದ ಮೇಲೆ ನನ್ನ ಮಾತಿಗೂ ಬೆಲೆ ಬಂತಲ್ಲ ಎಂದು ಅವಳು ದೇವರಿಗೆ ಕೈಮುಗಿದಿದ್ದಳು. ಅದು ಏಕೆಂದು ಈಗ ತಿಳಿಯಿತು.

"ಹಿಟ್ಟು ಸುಡೋ ಹಾಗೆ ಕಲ್ಲು ಬಿಗಿ ಮಾಡಿದ್ದು ನಾನಮ್ಮ, ತಪ್ಪು ನಂದೇ," ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ತಿರುಪು ಸಡಿಲಿಸಲು ಬಗ್ಗಿದಾಗ ಅವನ ಕಿವಿಯ ಹತ್ತಿರ ಕೇಳಿದಳು, "ಇನ್ನೊಂದು ಕೈ?"

"ಅದು ಮೊದಲೇ ಹೋಯ್ತು."

ಹೊಸದಾಗಿ ಬಿದ್ದ ಹಿಟ್ಟನ್ನು ಅವಳು ಹೊಸಕಿ ನೋಡಿದಳು. ಸಾಲಿನವರು ನಗು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಅವನು ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು.

ಅವನು ತಲೆಯಾಡಿಸಿದ.